ಶೈಲಾನ ಕೈಗುಣ

ಬನಹಟ್ಟ್ಯಾಗ ಯಾರದರ ಬಗ್ಗೆ "ಆಕಿ ಕೈಗುಣ ಛಲೋ ಇಲ್ಲ" ಅಂತ ಒಂದು ಮಾತು ಹೊಂಟ್ರ ಮುಗೀತು ನೋಡ್ರಿ. ಮಗ್ಗಕ್ಕ ಹೊಸಾ ಹಾಸು ಏರಸೂಮುಂದ ಮೊದಲನೇ ಎಳಿ ಕಟ್ಟಾಕ ಕರಿಯೂದಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟಾಕ ಬಿಡೂದಿಲ್ಲ. ನನ್ನ ಬಾಜೂ ಅಂಗಡಿ ಶೈಲಾನ ಬಗ್ಗೆ ಹೋದ ವರ್ಷ ಇದ ಮಾತು ಹೊಂಡ್ತು. ಆಕಿದು ಮೀನದ ಕೆಲಸ. ಮಂದಿ ಮನ್ಯಾಗಿನ ಕಾಜಿನ ಟ್ಯಾಂಕು ನೋಡ್ಕೊಳ್ಳೂದು, ಮೀನಕ್ಕ ಜಡ್ಡು ಬಂದ್ರ ಔಷಧ ಮಾಡೂದು. ಕೈಗುಣ ಕೆಟ್ಟೈತಿ ಅಂದ್ರ ಆಕಿನ್ನ ಯಾರು ಒಳಗ ಕರೀತಾರ? ಹೊಟ್ಟಿ ಮ್ಯಾಲ ಹೊಡದಂಗ ಆತು.

ನಾ ಉಜ್ವಲಾ. ಸೀರಿಗಿ ಫಾಲ್ ಹಚ್ಚೂದು, ಪಿಕೋ ಮಾಡೂದು ನನ್ನ ದಂಧೆ. ಬಾಯಿ ಜೋರು ಅಂತಾರ ಮಂದಿ. ಅನ್ಲಿ ಬಿಡ್ರಿ, ನಾ ಏನು ಅವರ ಮನಿ ಅನ್ನ ತಿಂದೇನಿ?

ಶೈಲಾ ತೇರದಾಳ ಕಡೀದಾಕಿ. ಕುರಿ ಕಾಯೋ ಮನಿತನ, ಬೀರೇಶ್ವರನ ಒಕ್ಕಲು. ಆಕಿ ಅಪ್ಪ ಧರೆಪ್ಪಗ ಹಿಂಡಿನ ಮುಂದ ನಿಂತ್ರ ಸಾಕು, ಯಾವ ಕುರಿ ಮೇವು ಬಿಟ್ಟೈತಿ, ಉಸರಾಡೂಮುಂದ ಯಾವುದರ ಪಕ್ಕಿ ಜೋರಾಗಿ ಬಡ್ಕೊಳ್ಳಾಕತ್ತೈತಿ ಅಂತ ತಿಳೀತಿತ್ತು. "ಮೊದಲ ಹಿಂಡಿನಿಂದ ಬ್ಯಾರೆ ಕಟ್ಟು, ಔಷಧದ ಮಾತು ಆಮ್ಯಾಲ" ಅಂತಿದ್ದ ಆ ಮುದುಕ. ಮಗಳು ಮಿರಜದಾಗ ಅತ್ತಿ ಮನ್ಯಾಗ ಇದ್ದು ಒಂದು ಮೀನದ ಅಂಗಡ್ಯಾಗ ಕೆಲಸ ಕಲತ್ಲು. ಅದೂ ಎಂಥಾ ಮೀನ? ಸಮುದ್ರದ್ದು! ಸಮುದ್ರ ಎಲ್ಲೈತಿ, ಬನಹಟ್ಟಿ ಎಲ್ಲೈತಿ! ಶುದ್ಧ ನೀರಾಗ ಸಮುದ್ರದ ಉಪ್ಪು ಅಳದು ಕಲಸಿ, ಬಿಸಿಲು ತಾಗದಂಗ ಇಟ್ಟು ಆ ಮೀನ ಸಾಕೂದು. "ಕುರಿ ಬಿಟ್ಟು ಮೀನ ಕಾಯಾಕತ್ತೀಯೇನ್ ಬೇ?" ಅಂತ ನಾನ ಮೊದಲನೇ ದಿನ ಚಾಷ್ಟಿ ಮಾಡಿದ್ದೆ. "ಕಾಯೂದು ಕಾಯೂದ ಅಲ್ಲನು" ಅಂದಿದ್ಲು.

ಊರಾಗ ಉಪ್ಪು ನೀರಿನ ದೊಡ್ಡ ಟ್ಯಾಂಕು ಇದ್ದದ್ದು ರಾಮಲಿಂಗಪ್ಪನ ಮನ್ಯಾಗ. ಮನಿ ಹಿಂದ ಶೆಡ್ಡಿನಾಗ ಮಗ್ಗ, ಮುಂದಿನ ಪಡಸಾಲ್ಯಾಗ ಟ್ಯಾಂಕು. ಅದನ್ನ ಕೂಡ್ಸಿದಾಕಿ ಶೈಲಾನ. ರಾಮಲಿಂಗಪ್ಪನ ಹೆಂಡ್ತಿ ಅನಸವ್ವಗ ಆ ಮೀನ ಅಂದ್ರ ಜೀವ. ಕೇಸರಿ ಮೈಗೆ ಬಿಳಿ ಪಟ್ಟಿ ಇದ್ದ ಜೋಡಿಗೆ "ಪಟ್ಟೇದಂಚು" ಅಂತ ಹೆಸರಿಟ್ಟಿದ್ಲು, ಹಳದಿ ಮೀನಕ್ಕ "ಅರಿಷಿಣದಾಕಿ" ಅಂತ. ನೇಕಾರ ಮಂದಿ ನೋಡ್ರಿ, ಮೀನದಾಗೂ ಸೀರಿ ಕಾಣತಾವ.

ಹೋದ ವರ್ಷ ಬ್ಯಾಸಗಿ ಮುಗಿಯೂಮುಂದ ಶೈಲಾ ತನ್ನ ಬಕೀಟು ಅವರ ಮನ್ಯಾಗ ಬಿಟ್ಟು ಬಂದಿದ್ಲು. ಅನಸವ್ವ ಅದನ್ನ ತಿರುಗಿ ಕಳಿಸಿದ್ಲು. ಬರೇ ಬಕೀಟು ಕಳಸ್ತಾರೇನ್ರಿ? ಯಾರದ ಭಾಂಡಿ ಇರ್ಲಿ, ಖಾಲಿ ಕೊಡಬಾರ್ದು ಅನ್ನೂದು ನಮ್ಮ ಕಡೆ ಪದ್ಧತಿ. ಸಕ್ರಿ ಹಾಕ್ತೇವಿ, ಒಂದು ಮುಷ್ಟಿ ಅಕ್ಕಿ ಹಾಕ್ತೇವಿ. ಮೀನದಾಕಿಗೆ ಸಕ್ರಿ ಯಾಕ ಅಂತ ಅನಸವ್ವ ತಮ್ಮ ಟ್ಯಾಂಕಿನಾಗಿಂದ ಒಂದು ಚೆಂದನ ಬಸವನಹುಳ ಹಾಕಿ ಕಳಿಸಿದ್ಲು. ಶೈಲಾಗ ಖುಷಿ ಆತು. ಹೊಸಾ ಮೀನ ಬಂದ್ರ ಬ್ಯಾರೆ ಇಟ್ಟು ನೋಡೂದು ಆಕಿ ನೇಮ. ಹುಳಕ್ಕ ಮೀನದ ಜಡ್ಡು ಬರೂದಿಲ್ಲಲಾ ಅಂತ ಅದನ್ನ ಸೀದಾ ತನ್ನ ಅಂಗಡಿ ಟ್ಯಾಂಕಿಗೆ ಬಿಟ್ಲು.

ಸ್ವಲ್ಪ ದಿನದಾಗ ಆಕಿ ಮೀನ ಕಲ್ಲಿಗೆ ಮೈ ತಿಕ್ಕಾಕ ಹತ್ತಿದವು. ಕಿವಿರು ಪಟಪಟ ಬಡಿಯಾಕ ಹತ್ತಿದವು. ಮೈ ಮ್ಯಾಲ ಸಣ್ಣ ರವಾ ಉದುರಿಸಿದಂಗ ಬಿಳಿ ಚುಕ್ಕಿ. ನೋಡಿದ ಕೂಡ್ಲೇ ಶೈಲಾಗ ತಿಳೀತು, ಇದು ಚುಕ್ಕಿ ರೋಗ, ಕಣ್ಣಿಗೆ ಕಾಣದ ಕ್ರಿಮಿ ಚರ್ಮದಾಗ ಹೊಕ್ಕು ತಿನ್ನೂದು. ಎಲ್ಲಾ ಮೀನ ತೆಗದು ಔಷಧದ ತೊಟ್ಟಿಗೆ ಹಾಕಿದ್ಲು. ಖರೆ ವ್ಯಾಳ್ಯಾ ಮೀರಿತ್ತು. ಒಂದ ಒಂದು ಉಳೀತು. ಸತ್ತ ಮೀನ ಹೊರಗ ಒಯ್ಯೂದನ್ನ ಎದುರು ಮನಿ ರತ್ನಾಬಾಯಿ ನೋಡಿದ್ಲು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಊರು ಇದು. ಸಂಜೀಕ "ಮುಟ್ಟಿದ್ದೆಲ್ಲಾ ಸಾಯ್ತಾವಂತ" ಅಂತ ಮಾತು ಬಾಜೂ ಊರು ರಬಕವಿ ಮುಟ್ಟಿತ್ತು.

ಬ್ಯಾರೆ ಯಾರರ ಆಗಿದ್ರ ಬಾಗಲ ಹಾಕ್ಕೊಂಡು ಅಳತಿದ್ರು. ಈಕಿ ಅಳಲಿಲ್ಲ. ಮೀನಿಲ್ಲದ ಟ್ಯಾಂಕಿನ ಮುಂದ ಕುಂತ್ಲು. "ಹೊಸಾ ಮೀನ ಬಂದಿಲ್ಲ, ಹೊಸಾ ಕಲ್ಲು ಬಂದಿಲ್ಲ, ರೋಗ ಹೆಂಗ ಬಂತು ಉಜ್ವಲಾ?" ಅಂತ ಕೇಳಿ, ಕಾಜಿನ ಕಡೆ ನೋಡಿದ್ಲು. ಆ ಬಸವನಹುಳ ಕಾಜು ಹಿಡಕೊಂಡು ಮ್ಯಾಲ ಹೊಂಟಿತ್ತು. ಅದಕ್ಕ ಜಡ್ಡು ಬರೂದಿಲ್ಲ, ಖರೆ ರೋಗದ ಮರಿ ಅದರ ಚಿಪ್ಪಿಗೆ ಅಂಟಿ ಬರತಾವ. ಆಕಿಗೆ ಗೊತ್ತಿದ್ದ ಮಾತು ಅದು. ಪ್ರೀತಿಲೆ ಬಂದದ್ದಂತ ಮರತಿದ್ಲು.

"ಅಂದ್ರ ಅನಸವ್ವನ ಹುಳದಿಂದ ನಿನ್ನ ಹೆಸರು ಕೆಟ್ಟದ್ದು!" ನಾ ಕುರ್ಚಿ ಬಿಟ್ಟು ಎದ್ದೆ. "ಈಗ ನಡಿ, ಬಜಾರದಾಗ ನಿಂತು ಹೇಳ್ತೇನಿ."

"ಬಾಯಿ ಮುಚ್ಕೊಂಡು ಕುಂದ್ರಲೇ" ಅಂದ್ಲು ಶೈಲಾ. "ಆ ಹುಳ ಅವರ ಟ್ಯಾಂಕಿನಾಗಿಂದ ಬಂತು. ಅಂದ್ರ ಅಲ್ಲೂ ರೋಗ ಐತಿ. ಅವರ ಮೀನ ಇನ್ನೂ ಜೀವಂತ ಅದಾವ. ಮೊದಲ ಅಲ್ಲಿಗೆ ನಡಿ."

ಹೋದ್ವಿ. ಬಾಗಲದಾಗ ನಿಂತಾಂವ ಅವರ ಮಗ ವಿಜಯ. ಕೆಟ್ಟ ಹುಡುಗ ಅಲ್ಲ ಅಂವ, ಮಂದಿ ಮಾತು ಬಾಳ ಕೇಳ್ತಾನ. "ಶೈಲಾ, ತಪ್ಪ ತಿಳ್ಕೋಬ್ಯಾಡ, ನಮ್ಮ ನೀರಿಗಿ ಕೈ ಹಚ್ಚಬ್ಯಾಡ. ಅವ್ವಗ ಆ ಮೀನ ಬಿಟ್ಟು ಹೊತ್ತು ಹೋಗೂದಿಲ್ಲ. ಏನರ ಆದ್ರ..."

ಬಾಗಲದಾಗಿಂದನ ಶೈಲಾ ಇಣಕಿ ನೋಡಿದ್ಲು. ಟ್ಯಾಂಕಿನಾಗ ಹೊಸಾದೊಂದು ನೀಲಿ ಮೀನ. ಶೈಲಾ ಬಂದು ಹೋದ ಮ್ಯಾಲ, ಬಕೀಟು ತಿರುಗಿ ಕಳಿಸೂ ಮೊದಲ, ವಿಜಯ ಸಾಂಗ್ಲಿಯಿಂದ ತಂದು ಅವ್ವಗ ಖುಷಿ ಆಗ್ಲಿ ಅಂತ ಸೀದಾ ಬಿಟ್ಟಿದ್ದನಂತ. ಬೀದ್ಯಾಗ ಹೊಂಟ ಮಾರಿನ್ನ ಮನಿಗಿ ಕರದಂಗ! ನೀಲಿ ಮೀನದ ರೆಕ್ಕಿ ಮ್ಯಾಲ ಬಿಳಿ ಚುಕ್ಕಿ, ಪಟ್ಟೇದಂಚಿನ ಮ್ಯಾಲೂ ಒಂದೆರಡು.

"ವಿಜಯಣ್ಣ, ಅವಕ್ಕ ಜಡ್ಡು ಬಂದೈತಿ."

"ಅದು ಜುಂಗು ಬೇ" ಅಂತ ನಕ್ಕ ಅಂವ. ಮಗ್ಗ ಓಡೂ ಮನ್ಯಾಗ ನೂಲಿನ ಜುಂಗು ಹಾರಿ ಅನ್ನದಾಗ, ಹಾಸಿಗ್ಯಾಗ, ಕೂದಲದಾಗ ಎಲ್ಲಾ ಕಡೆ ಕುಂದರತೈತಿ. ಮೀನದ ಮೈ ಮ್ಯಾಲ ಬಿಳೀದು ಕಂಡ್ರ ನೇಕಾರರ ಮಗ ಮತ್ತೇನು ಅಂತಾನ?

ಮೂರ್ನಾಕು ದಿನಕ್ಕ ವಿಜಯ ನನ್ನ ಅಂಗಡಿ ಮುಂದ ಗಾಡಿ ನಿಲ್ಲಿಸಿ, ಶೈಲಾಗ ಕೇಳೂವಂಗ ಅಂದ, "ನೋಡು, ಎಲ್ಲಾ ಚುಕ್ಕಿ ತೊಳಕೊಂಡು ಹೋದವು. ಜುಂಗು ಅಂದಿದ್ದಿಲ್ಲ?"

ಶೈಲಾನ ಮಾರಿ ಕಪ್ಪಿಟ್ಟಿತು. "ಹೋಗಿಲ್ಲ, ಉದುರ್ಯಾವ. ತಳದಾಗ ಕುಂತು ಮರಿ ಹಾಕ್ತಾವ. ಒಂದು ಉದುರಿದ್ದು ನೂರಾಗಿ ಏಳತೈತಿ. ವಿಜಯಣ್ಣ, ಚುಕ್ಕಿ ತಿರುಗಿ ಬರಲಿಲ್ಲ ಅಂದ್ರ ನಾ ಈ ಅಂಗಡಿ ಬಾಗಲ ಹಾಕ್ತೇನಿ, ಮತ್ತ ತೆಗಿಯೂದಿಲ್ಲ."

ಹಿಂಗೂ ಪಣ ಕಟ್ತಾರೇನ್ರಿ? ಅಂವ ಹೋದ ಮ್ಯಾಲ ಬೈದೆ. "ಹುಚ್ಚಿ, ಉಳದ ಒಂದು ಮೀನ ಹಿಡ್ಕೊಂಡು ಸುಮ್ಮ ಕುಂದರಬಾರ್ದ?" ಆಕಿ ಕೇಳಿದಂಗ ಮಾಡಲಿಲ್ಲ, ದೊಡ್ಡ ಪ್ಲಾಸ್ಟಿಕ್ ತೊಟ್ಟಿ ತಿಕ್ಕಿ ತೊಳಿಯಾಕ ಹತ್ತಿದ್ಲು.

ಕರೀಲಿ ಅಂತ ಕಾಯಲಿಲ್ಲ. ಒಂದು ವಾರ ಬಿಟ್ಟು ತೊಟ್ಟಿ ಆಟೋದಾಗ ಹಾಕ್ಕೊಂಡು ಹೊಂಟ್ಲು, ಹಿಂದ ನಾ. ಈ ಸಲ ಚುಕ್ಕಿ ಬಾಳ ಆಗಿದ್ದವು. ಅರಿಷಿಣದಾಕಿ ಮೂಲ್ಯಾಗ ನಿಂತು ಬಾಯಿ ತೆರದು ಮುಚ್ಚಾಕತ್ತಿತ್ತು. ಅನಸವ್ವ ಟ್ಯಾಂಕಿನ ಮುಂದ ಕುಂತು ಕಣ್ಣಿಗೆ ಸೆರಗು ಹಚ್ಚಿದ್ಲು. ವಿಜಯ ಇನ್ನೂ "ಹಬ್ಬದ ಸೀಜನ್, ಮಗ್ಗ ಡಬಲ್ ಓಡಾಕತ್ತಾವ, ಅದಕ್ಕ ಜುಂಗು ಹೆಚ್ಚು" ಅಂತನ ಇದ್ದ. ಖರೆ ದನಿಯಾಗ ಮೊದಲಿನ ಜೋರ ಇರಲಿಲ್ಲ.

ಶೈಲಾ ಅವನ ಕೂಡ ವಾದಾ ಮಾಡಲಿಲ್ಲ. ರಾಮಲಿಂಗಪ್ಪನ ಕಡೆ ತಿರುಗಿದ್ಲು. "ಕಾಕಾ, ನನ್ನ ಮಾತು ನಂಬಬ್ಯಾಡ್ರಿ. ನನ್ನ ಕೈನೂ ಬ್ಯಾಡ. ಅವ್ವಾರ ಒಂದು ಮೀನ ಕಾಜಿನ ಗ್ಲಾಸಿನಾಗ ತೆಗೀಲಿ. ನೀವು ನೂಲು ದೊಡ್ಡದು ಮಾಡಿ ನೋಡೂ ಭಿಂಗ ಹಿಡದು ನೋಡ್ರಿ. ಜುಂಗು ಹೌದೋ ಅಲ್ಲೋ, ಈ ಊರಾಗ ನಿಮಗಿಂತ ಛಲೋ ಯಾರಿಗೆ ತಿಳೀತೈತಿ?"

ರಾಮಲಿಂಗಪ್ಪ ಬಟ್ಟಿ ತಪಾಸಣಿ ಮಾಡೂ ಭಿಂಗ ತಂದ. ಅನಸವ್ವ ಅರಿಷಿಣದಾಕಿನ್ನ ಗ್ಲಾಸಿನಾಗ ತುಂಬಿ ಎತ್ತಿ ಹಿಡದ್ಲು. ಮುದುಕ ಕಣ್ಣು ಸಣ್ಣ ಮಾಡಿ ನೋಡಿದ, ಗ್ಲಾಸು ತಿರಗಿಸಿ ಮತ್ತ ನೋಡಿದ.

"ಜುಂಗಿಗೆ ಎಳಿ ಇರತಾವ, ನೀರ ಅಳ್ಳಾಡಿದ್ರ ಅದೂ ಅಳ್ಳಾಡತೈತಿ" ಅಂದ. "ಇದು ಗುಂಡಗೈತಿ. ಚರ್ಮದ ಒಳಗಿಂದ ಎದ್ದೈತಿ. ವಿಜ್ಯಾ, ಇದು ನಮ್ಮ ಮಗ್ಗದ್ದಲ್ಲೋ."

ವಿಜಯನ ಮಾರಿ ಇಳೀತು. "ಹಂಗಾರ ಔಷಧ ಮಾಡು" ಅಂದ. ಅಂದು, ಮತ್ತ ತಡದು, "ನಿನ್ನ ತೊಟ್ಟ್ಯಾಗ ಏನರ ಮಾಡ್ಕೋ. ಈ ಟ್ಯಾಂಕಿಗೆ ಮಾತ್ರ ಕೈ ಹಚ್ಚಬ್ಯಾಡ" ಅಂದ. ನಾ ಬಾಯಿ ತೆಗದಿದ್ದೆ, ಶೈಲಾ ನನ್ನ ಕಾಲು ತುಳದ್ಲು. "ಆತ್ರಿ" ಅಂದ್ಲು.

ಮೀನ ಎಲ್ಲಾ ತೊಟ್ಟಿಗೆ ಬಂದವು. ತಾಮ್ರದ ಔಷಧ ಅದು. ದ್ರಾಕ್ಷಿಗೆ ಹೊಡ್ಯೂ ಮೈಲುತುತ್ತದ ಜಾತೀದು, ತುಸು ಹೆಚ್ಚಾದ್ರ ಮೀನ ಸಾಯ್ತಾವ, ತುಸು ಕಮ್ಮಿ ಆದ್ರ ರೋಗಕ್ಕ ಏನೂ ಆಗೂದಿಲ್ಲ. ಶೈಲಾ ದಿನಾ ಮುಂಜಾನಿ ಸಂಜಿ ಹೋಗಿ ನೀರು ಶೀಶೇದಾಗ ತುಂಬಿ, ಬಣ್ಣ ನೋಡಿ, ಔಷಧ ಅಳದು ಹಾಕಿದ್ಲು. ಮಳ್ಯಾಗೂ ಹೋದ್ಲು, ಜ್ವರದಾಗೂ ಹೋದ್ಲು. ನೀಲಿ ಮೀನ ಉಳೀಲಿಲ್ಲ. ಅವತ್ತು ರತ್ನಾಬಾಯಿ "ನೋಡ್ರಿ, ಶುರು ಆತು" ಅಂದದ್ದು ಆಕಿ ಕಿವಿಗೂ ಬಿತ್ತು. ಮರುದಿನ ಮುಂಜಾನಿ ಮತ್ತ ಶೀಶೆ ಹಿಡ್ಕೊಂಡು ಹೊಂಟ್ಲು. ಎಂಥಾ ಗಟ್ಟಿ ಹೆಂಗಸ್ರಿ ಆಕಿ! ನಾ ಆಗಿದ್ರ ರತ್ನಾಬಾಯಿ ಜಡಿ ಹಿಡದಿರತಿದ್ದೆ.

ಟ್ಯಾಂಕು ಎರಡೂವರಿ ತಿಂಗಳು ಮೀನಿಲ್ಲದ ಇರಬೇಕು ಅಂದಿದ್ಲು. ಅನಸವ್ವಗ ಅದ ದೊಡ್ಡ ಸಂಕಟ. "ಮೀನ ಆರಾಮ ಆಗ್ಯಾವಲ್ಲವಾ, ಬಿಡೂಣು. ತುಂಬಿದ ಮನ್ಯಾಗ ಖಾಲಿ ನೀರು ನೋಡಾಕ ಆಗವಲ್ಲದು" ಅಂತ ದಿನಾ ಗೋಗರೀತಿದ್ಲು. ಶೈಲಾ ಪ್ರತಿ ಸಲ ಸಮಾಧಾನಲೆ ತಿಳಿಸಿ ಹೇಳ್ತಿದ್ಲು. "ಅವ್ವಾರ, ರೋಗದ ಮರಿ ಕಲ್ಲಿಗೆ, ಚಿಪ್ಪಿಗೆ, ಸಿಕ್ಕಿದ್ದಕ್ಕ ಅಂಟಿ ಮಲಗಿರತಾವ. ಎದ್ದ ಮ್ಯಾಲ ಮೀನ ಸಿಗಲಿಲ್ಲ ಅಂದ್ರ ಹಸದು ಸಾಯ್ತಾವ. ಅಲ್ಲೀತನ ತಡೀಬೇಕ್ರಿ." ಒಂದು ದಿನ ಇದನ್ನ ಕೇಳಿದ ಅನಸವ್ವ ಎದ್ದು ಒಳಗ ಹೋದ್ಲು. ಆಮ್ಯಾಲ ಗೋಗರಿಯೂದು ಬಿಟ್ಲು.

ಮೀನ ತಿರುಗಿ ಬಿಡೂ ದಿನ ಬಂತು. ಪಟ್ಟೇದಂಚಿನ ಜೋಡಿ, ಅರಿಷಿಣದಾಕಿ, ಮೂರೂ ಮಿರಿಮಿರಿ ಮಿಂಚಾಕತ್ತಿದ್ದವು. ಶೈಲಾ ಅವನ್ನ ಬೋಗಾಣ್ಯಾಗ ಹಿಡ್ಕೊಂಡು ಟ್ಯಾಂಕಿನ ಹತ್ತರ ಬಂದ್ಲು. ವಿಜಯ ನಡುವ ಬಂದು ಮೆತ್ತಗ ಅಂದ, "ಅವ್ವನ ಬಿಡ್ಲಿ. ಶುಭದ ಕೆಲಸ ನೋಡು..."

ಎಪ್ಪಾ ಶಿವನ! ಇಷ್ಟು ದಿನ ಬದುಕಿಸಿದ ಕೈಯಿ ಅದು! ಶೈಲಾ ಬೋಗಾಣಿ ಅನಸವ್ವನ ಮುಂದ ಹಿಡದ್ಲು. ಅನಸವ್ವ ಕೈ ಚಾಚಲಿಲ್ಲ.

"ಶೈಲಾ, ಒಂದು ಕೇಳ್ತೇನಿ, ಖರೆ ಹೇಳು" ಅಂದ್ಲು. "ಚಿಪ್ಪಿಗೆ ಅಂಟತಾವ ಅಂದಿ. ನಿನ್ನ ಬಕೀಟಿನಾಗ ಹುಳ ಹಾಕಿ ಕಳಿಸಿದಾಕಿ ನಾನು. ನಿನ್ನ ಮೀನ ಸತ್ತದ್ದು ಅದರಿಂದನ ಹೌದಿಲ್ಲೋ?"

ಶೈಲಾ ನನ್ನ ಕಡೆ ಸಿಟ್ಟಿಲೆ ನೋಡಿದ್ಲು. ಬೀರಪ್ಪನಾಣಿ, ನಾ ಹೇಳಿದ್ದಿಲ್ಲ. ಮುದುಕಿ ತಾನ ಲೆಕ್ಕಾ ಹಾಕಿದ್ಲು.

"ಹೌದ್ರಿ ಅವ್ವಾರ" ಅಂದ್ಲು ಶೈಲಾ. "ಆದ್ರ ನೀವು ಪ್ರೀತಿಲೆ ಕೊಟ್ಟದ್ದು. ಬ್ಯಾರೆ ಇಟ್ಟು ನೋಡದ ಒಳಗ ಬಿಟ್ಟಾಕಿ ನಾನು."

ಅನಸವ್ವ ಮಗನ ಕಡೆ ತಿರುಗಿದ್ಲು. "ಕೇಳಿದ್ಯಾ? ಇಷ್ಟು ತಿಂಗಳು ಊರ ಮಂದಿ ಬಾಯಾಗ ಬಿದ್ಲು, ಒಮ್ಮೆರ ನನ್ನ ಹೆಸರು ಎತ್ತಲಿಲ್ಲ. ನನ್ನ ಮೀನ ಉಳಿಸಾಕ ನಿನ್ನ ಕಡೆ ಬೈಸ್ಕೊಂಡು ಬಂದ್ಲು. ಕೆಟ್ಟ ಕೈ ಯಾರದಂತ ಹೇಳಲೇ ವಿಜ್ಯಾ. ಆಕಿದೋ, ನಂದೋ?"

ವಿಜಯ ನೆಲಾ ನೋಡಿದ. ಆಮ್ಯಾಲ ತಾನ ಟ್ಯಾಂಕಿನ ಮುಚ್ಚಳ ತೆಗದು ಬಾಜೂಕ ಸರದ. "ಬಾರವಾ, ನೀನ ಬಿಡು" ಅಂದ.

ಶೈಲಾ ಬಳಿ ಮ್ಯಾಲ ಸರಿಸಿ ಮೊಣಕೈತನ ನೀರಾಗ ಕೈ ಇಳಿಸಿದ್ಲು, ಬೋಗಾಣಿ ಓರಿ ಮಾಡಿದ್ಲು. ಮೂರೂ ಮೀನ ಹೊರಗ ಜಾರಿ ಕಲ್ಲಿನ ಹಿಂದ ಹೋದವು. ಸ್ವಲ್ಪ ಹೊತ್ತಿಗೆ ಪಟ್ಟೇದಂಚು ಹೊರಗ ಬಂದು ಆಕಿ ಬೆರಳಿಗೆ ಬಾಯಿ ಹಚ್ಚಿ ನೋಡ್ತು. ಅವತ್ತು ಮೊದಲನೇ ಸಲ ಶೈಲಾ ಅತ್ತದ್ದು ನಾ ನೋಡಿದೆ. ಮೀನ ಬಿಟ್ಟು ಆಗಿತ್ತು, ಆದ್ರೂ ಆಕಿ ಕೈ ನೀರಾಗನ ಇತ್ತು. ತೆಗಿ ಅಂತ ಯಾರೂ ಅನ್ನಲಿಲ್ಲ.