ಬಿಚ್ಚದ ಬ್ಯಾಂಡೇಜು

ನಾನು ಆ ಬ್ಯಾಂಡೇಜು ಬಿಚ್ಚಲಿಲ್ಲ. ಆದರೆ ‘ಬಿಚ್ಚಿ ನೋಡಿದೆ, ಗಾಯ ಒಣಗುತ್ತಿದೆ’ ಎಂದು ಬರೆದೆ. ಒಂದು ಸಲ ಅಲ್ಲ, ಮೂರು ಸಲ. ಆಮೇಲೆ, ನನ್ನನ್ನು ಎಚ್ಚರಿಸಿದ್ದ ಹೆಂಗಸಿನ ಎದುರಿಗೇ ಕೂತು, ಅವಳು ನನಗೆ ಏನೂ ಹೇಳಿರಲಿಲ್ಲ ಎಂದೆ. ಇದಾಗಿ ಆರು ವರ್ಷವಾಯಿತು. ಸುತ್ತಿ ಬಳಸಿ ಹೇಳುವ ಹಕ್ಕು ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ನರ್ಸ್. ಬೆಂಗಳೂರಿನಲ್ಲಿ ಸರ್ಜರಿ ವಾರ್ಡಿನಲ್ಲಿ ಎಂಟು ವರ್ಷ ದುಡಿದವಳು. ಗಂಡನ ಕೆಲಸದಿಂದಾಗಿ ಸ್ಟಾಕ್‌ಹೋಮ್‌ಗೆ ಬಂದಾಗ ಆ ಎಂಟು ವರ್ಷ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಮೊದಲು ಭಾಷೆ ಕಲಿಯಬೇಕು, ಪರೀಕ್ಷೆ ಪಾಸು ಮಾಡಬೇಕು, ಆಮೇಲೆ ಲೈಸೆನ್ಸ್. ಅಲ್ಲಿಯವರೆಗೆ ಊರ ಪಕ್ಕದ ಸೋಲ್ನಾದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸಹಾಯಕಿಯಾಗಿದ್ದೆ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ತುತ್ತು ತಿನ್ನಿಸುವುದು. ಆಗ ಅಲ್ಲಿದ್ದ ನರ್ಸ್ ನಾನು ಏನು ಹೇಳಿದರೂ ಕಂಪ್ಯೂಟರಿನಿಂದ ಮುಖ ಎತ್ತದೆ ಹ್ಞೂಂಗುಡುತ್ತಿದ್ದಳು. ಅವಳನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆ... ಮೂರು ವರ್ಷದ ಮೇಲೆ ಲೈಸೆನ್ಸ್ ಬಂತು. ಅದೇ ಕೇಂದ್ರದಲ್ಲಿ, ಅವಳು ಬಿಟ್ಟುಹೋದ ಜಾಗದಲ್ಲಿ ನಾನು ಕೂತೆ. ಮೂರು ಮಹಡಿಗೂ ಹಗಲು ಹೊತ್ತು ನಾನೊಬ್ಬಳೇ ನರ್ಸ್.

ಎರಡನೇ ಮಹಡಿಯಲ್ಲಿ ಮೆರ್ತಾ ಇದ್ದರು. ಎಂಬತ್ತಾರು ವಯಸ್ಸು. ಹರೆಯದಲ್ಲಿ ಇಲ್ಲಿನ ಮೆಟ್ರೋ ರೈಲು ಓಡಿಸಿದವರು. ಗಂಡಸರು ಹೆಂಗಸಿನ ಗಾಡಿ ಹತ್ತಲು ಅನುಮಾನಿಸುತ್ತಿದ್ದರಂತೆ, ಅದನ್ನು ಹೇಳಿಕೊಂಡು ನಗುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಪಾದಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಎಡ ಹಿಮ್ಮಡಿಯಲ್ಲಿ ಒಂದು ಹುಣ್ಣು. ನೋವೇ ತಿಳಿಯದ ಜಾಗ ಅದು, ಆದ್ದರಿಂದ ಕಣ್ಣಿಂದ ನೋಡಲೇಬೇಕು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬದಲಿಸಬೇಕಾದವಳು ನಾನು.

ಆ ಸೋಮವಾರ ಬೇರೆ ಮಹಡಿಯಲ್ಲಿ ಒಬ್ಬರು ಬಿದ್ದಿದ್ದರು. ಫೋನಿನ ಮೇಲೆ ಫೋನು. ನಾಲ್ಕೂವರೆಯೊಳಗೆ ಮಗಳನ್ನು ದಾಗಿಸ್‌ನಿಂದ, ಶಿಶುವಿಹಾರದಿಂದ, ಕರೆದುಕೊಂಡು ಬರಬೇಕಿತ್ತು. ನಾನು ಕಂಪ್ಯೂಟರಿನಲ್ಲಿ ಹಿಂದಿನ ವಾರದ ಸಾಲನ್ನು ತೆಗೆದು ಮತ್ತೆ ಅಂಟಿಸಿದೆ: “ಗಾಯ ಸ್ವಚ್ಛವಾಗಿದೆ, ಒಣಗುತ್ತಿದೆ, ವಾಸನೆಯಿಲ್ಲ.” ಎರಡು ಕ್ಲಿಕ್ಕು, ಅಷ್ಟೇ.

ಆದರೆ ಬುಧವಾರ? ಬುಧವಾರ ನನಗೆ ಪುರುಸೊತ್ತಿತ್ತು. ಇದನ್ನೂ ಬರೆಯುತ್ತೇನೆ. ಬುಧವಾರ ಬೆಳಿಗ್ಗೆ ಸೆಲಾಮ್ ನನ್ನ ಆಫೀಸು ಕೋಣೆಯ ಬಾಗಿಲಿಗೆ ಬಂದಳು. ಎರಿಟ್ರಿಯಾದವಳು, ಸಹಾಯಕಿ. ಕರೆದಾಗ ಮಾತ್ರ ಬಂದು ಗಂಟೆಯ ಲೆಕ್ಕದಲ್ಲಿ ದುಡಿಯುವವಳು. ಅಂಥವರಿಗೆ ನಮ್ಮ ದಾಖಲೆಯಲ್ಲಿ ಬರೆಯುವ ಪಾಸ್‌ವರ್ಡ್ ಕೊಡುತ್ತಿರಲಿಲ್ಲ, ಏನಿದ್ದರೂ ಬಾಯಲ್ಲೇ ಹೇಳಬೇಕು.

“ಮೆರ್ತಾಳ ಕಾಲಿಂದ ವಾಸನೆ ಬರ್ತಿದೆ. ಒಂದ್ಸಲ ನೋಡು.”

“ನೋಡ್ತೀನಿ,” ಅಂದೆ, ಮುಖ ಎತ್ತದೆ.

ಹೋದೆ ಕೂಡ. ಕೋಣೆಯ ಬಾಗಿಲು ತೆಗೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಸಿಹಿಯಾದ, ಕೊಳೆತ ವಾಸನೆ. ಬೆಂಗಳೂರಿನ ವಾರ್ಡಿನಲ್ಲಿ ಎಂಟು ವರ್ಷ ಅದನ್ನು ಉಸಿರಾಡಿದ್ದೆ, ಅದರ ಅರ್ಥವೂ ಗೊತ್ತಿತ್ತು. ಗೊತ್ತಿದ್ದೂ ನನಗೆ ಅಸಹ್ಯವಾಯಿತು. ಇದಕ್ಕೇನಾ ಮೂರು ವರ್ಷ ಓದಿದ್ದು, ಇನ್ನೂ ಕೀವಿನಲ್ಲೇ ಕೈಯಾಡಿಸಬೇಕಾ ಅನ್ನಿಸಿತು. ಮೆರ್ತಾ ನಿದ್ದೆಯಲ್ಲಿದ್ದರು. ಎಬ್ಬಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡು ಬಾಗಿಲು ಎಳೆದುಕೊಂಡೆ. ಅದೇ ಸಾಲನ್ನು ಮತ್ತೆ ಅಂಟಿಸಿದೆ. ವಾಸನೆಯಿಲ್ಲ.

ಶುಕ್ರವಾರ ಸೆಲಾಮ್ ಮತ್ತೆ ಬಂದಳು. “ನೋಡಿದ್ಯಾ?” ನನಗೆ ಸಿಟ್ಟು ಬಂತು. ಅವಳ ಸ್ವೀಡಿಷ್ ನನ್ನದಕ್ಕಿಂತ ಚೆನ್ನಾಗಿತ್ತು, ಅದೂ ನನಗೆ ಚುಚ್ಚುತ್ತಿತ್ತು. ಸಹಾಯಕಿಯೊಬ್ಬಳು ನರ್ಸನ್ನು ಹೀಗೆ ಪ್ರಶ್ನಿಸುವುದೇ ಎಂದುಕೊಂಡೆ. ಮೇಲು ಕೀಳಿನ ಆ ಕೊಳಕನ್ನು ನಾನು ಸೂಟ್‌ಕೇಸಿನಲ್ಲಿ ತಂದಿರಬೇಕು. “ನೋಡಿದೀನಿ. ನಿನ್ನ ಕೆಲಸ ನೀನು ಮಾಡು,” ಅಂದೆ. ಅವಳು ಹೋದ ಮೇಲೆ ಅದೇ ಸಾಲನ್ನು ಮೂರನೇ ಸಲ ಅಂಟಿಸಿದೆ.

ಭಾನುವಾರ ಮೆರ್ತಾಗೆ ಜ್ವರ ಏರಿತು. ರಜಾದಿನದ ಪಾಳಿಯ ನರ್ಸ್ ಬ್ಯಾಂಡೇಜು ಬಿಚ್ಚಿ ಆಂಬುಲೆನ್ಸ್ ಕರೆಸಿದಳು. ಮಂಗಳವಾರ ಅವರ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಿಚಾರಣೆ ನಮ್ಮ ಮ್ಯಾನೇಜರ್ ಕೋಣೆಯಲ್ಲಿ ನಡೆಯಿತು. ದೊಡ್ಡ ದನಿಯಿಲ್ಲ, ಬೈಗುಳವಿಲ್ಲ, ಮೇಜಿನ ಮೇಲೆ ಕಾಫಿ. ನಾನು ಒಂದು ಕಡೆ, ಸೆಲಾಮ್ ಇನ್ನೊಂದು ಕಡೆ. ಶುಕ್ರವಾರದವರೆಗೆ ಗಾಯ ಚೆನ್ನಾಗಿತ್ತು ಎಂದು ದಾಖಲೆ ಹೇಳುತ್ತಿತ್ತು. ಶನಿವಾರ ಸ್ನಾನ ಮಾಡಿಸಿದವಳು ಸೆಲಾಮ್, ಹಾಗಾಗಿ ಕೆಟ್ಟದ್ದನ್ನು ಕಂಡೂ ಹೇಳದವಳು ಅವಳೇ ಎಂಬಂತಾಗಿತ್ತು. ಅವಳು, “ಬುಧವಾರವೇ ಹೇಳಿದ್ದೆ. ಶುಕ್ರವಾರವೂ ಹೇಳಿದೆ,” ಎಂದಳು.

ಮ್ಯಾನೇಜರ್ ನನ್ನ ಕಡೆ ತಿರುಗಿ ಕೇಳಿದಳು. “ಹೇಳಿದ್ದಳಾ?”

“ನನಗೆ ಹೇಳಿಲ್ಲ,” ಅಂದೆ.

ಸೆಲಾಮ್ ಜಗಳಾಡಲಿಲ್ಲ. ನನ್ನನ್ನು ನೋಡಿದಳು. ಊಟದ ಎಲೆಯ ಮೇಲೆ ಜಿರಲೆ ಕಂಡರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ಅವಳನ್ನು ಕೆಲಸಕ್ಕೆ ಕರೆಯುವುದು ನಿಂತುಹೋಯಿತು. ಗಂಟೆ ಲೆಕ್ಕದವರನ್ನು ಯಾರೂ ತೆಗೆದುಹಾಕಬೇಕಾಗಿಲ್ಲ. ಫೋನ್ ಮಾಡದಿದ್ದರೆ ಸಾಕು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವನು, “ಈಗ ಬಾಯಿ ಬಿಟ್ರೆ ಲೈಸೆನ್ಸ್ ಹೋಗತ್ತೆ ಕಣೇ. ಅವಳಿಗೆ ಇನ್ನೆಲ್ಲಾದ್ರೂ ಕೆಲಸ ಸಿಗತ್ತೆ ಬಿಡು,” ಎಂದ. ಅವನ ಮೇಲೆ ತಪ್ಪು ಹೊರಿಸಲಾರೆ. ಆ ಮಾತು ಕೇಳಿಸಿಕೊಳ್ಳಲೆಂದೇ ನಾನು ಅವನಿಗೆ ಹೇಳಿದ್ದು.

ಮೆರ್ತಾ ವಾಪಸ್ಸು ಬಂದರು, ಗಾಲಿಕುರ್ಚಿಯಲ್ಲಿ. ನನ್ನ ಕೈ ಹಿಡಿದು, “ನೀನು ಅಷ್ಟು ನೋಡಿಕೊಂಡೆ, ಪಾಪ,” ಎಂದರು. ಕೈ ಬಿಡಿಸಿಕೊಂಡೆ. ಹೋಗಿ, ಮುಂದಿನ ರೋಗಿಗೆ ಇನ್ಸುಲಿನ್ ಚುಚ್ಚಿದೆ. ಎರಡು ವರ್ಷದ ನಂತರ ಅವರು ತೀರಿಕೊಂಡರು. ಅಷ್ಟು ದಿನವೂ ಅವರಿಗೆ ಹೇಳಬಹುದಿತ್ತು...

ನಾನು ಬೆಳೆದೆ. ಒಳ್ಳೆಯ ನರ್ಸ್ ಎನ್ನಿಸಿಕೊಂಡೆ. ಹೋದ ವರ್ಷ ಹೊಸ ಸಹಾಯಕಿಯರಿಗೆ ತರಬೇತಿ ಕೊಡಲು ನನ್ನನ್ನೇ ಹಾಕಿದರು. ಈ ಕಾಲದ ಆರೈಕೆಗೆ ಯಾವ ಕೌಶಲ ಬೇಕು ಎಂಬ ವಿಷಯ. ಗಮನಿಸುವುದು, ಕೇಳಿಸಿಕೊಳ್ಳುವುದು, ನಿಜ ಬರೆಯುವುದು — ಪರದೆಯ ಮೇಲೆ ನನ್ನ ಸ್ಲೈಡುಗಳು ಒಂದಾದ ಮೇಲೊಂದು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಕೈ ಎತ್ತಿದಳು. “ನಾವು ಹೇಳಿದ ಮೇಲೂ ನರ್ಸ್ ಬರದೇ ಇದ್ದರೆ?”

“ಮತ್ತೆ ಹೇಳಬೇಕು,” ಎಂದೆ. ನನ್ನ ದನಿಯೇ ನನಗೆ ಹೇಸಿಗೆ ಹುಟ್ಟಿಸಿತು. ಕಾಫಿ ವಿರಾಮ ಎಂದು ಹೇಳಿ ಹೊರಬಂದೆ.

ಸೆಲಾಮ್‌ಳನ್ನು ಹುಡುಕಲು ನಾಲ್ಕು ದಿನ ಹಿಡಿಯಿತು. ಹಳೆಯ ಸಹೋದ್ಯೋಗಿಯೊಬ್ಬಳಿಗೆ ಗೊತ್ತಿತ್ತು. ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ನರ್ಸಿಂಗ್ ಓದಬೇಕೆಂದು ಅರ್ಜಿ ಹಾಕಲು ಅವಳಿಗೆ ನಮ್ಮ ಕೇಂದ್ರದ ಶಿಫಾರಸು ಪತ್ರ ಬೇಕಿತ್ತಂತೆ, ಅದು ಸಿಗಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ತಿಳಿದುಕೊಳ್ಳಲು ನಾನು ಎಂದೂ ಪ್ರಯತ್ನಿಸಿರಲಿಲ್ಲ.

ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅತ್ತುಬಿಟ್ಟೆ. ಅವಳು ಅಳಲಿಲ್ಲ.

“ನಡೆದದ್ದು ನನಗೆ ಮೊದಲೇ ಗೊತ್ತು,” ಎಂದಳು. “ಗೊತ್ತಿಲ್ಲದವರಿಗೆ ಹೇಳು. ಬರೆದು ಹೇಳು.”

ಕ್ಷಮಿಸಿದೆ ಎನ್ನಲಿಲ್ಲ. ಏಪ್ರನ್ ಕಟ್ಟಿಕೊಂಡು ಒಳಗೆ ಹೋದಳು.

ಬರೆದೆ. ಸ್ವೀಡಿಷ್‌ನಲ್ಲಿ, ಒಂದೇ ಪುಟ. ಒಂದು ಪ್ರತಿ ಮ್ಯಾನೇಜರ್‌ಗೆ, ಒಂದು ಆರೋಗ್ಯ ಸೇವೆಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆಗೆ, ಒಂದು ಮೆರ್ತಾ ಅವರ ಮಗಳಿಗೆ, ಒಂದು ಸೆಲಾಮ್‌ಗೆ. ಗಂಡ ಓದಿ ಮಡಿಸಿಟ್ಟ. ಈಗ ನಾನು ಕೆಲಸದಲ್ಲಿಲ್ಲ. ಲೈಸೆನ್ಸಿನ ತೀರ್ಮಾನ ಇನ್ನೂ ಆಗಿಲ್ಲ. ಏನೇ ಬಂದರೂ ಮೇಲ್ಮನವಿ ಹಾಕುವುದಿಲ್ಲ.

ಹೋದ ವಾರ ಮೆರ್ತಾ ಅವರ ಮಗಳು ಫೋನ್ ಮಾಡಿದಳು. ಬೈಯುತ್ತಾಳೆಂದು ಕಾದೆ.  ಅವಳು, “ಅಮ್ಮ ಸಾಯುವ ಮುಂಚೆ ನಿನಗೆ ಕೊಡಲು ಒಂದು ಮಫ್ಲರ್ ಹೆಣೆಯುತ್ತಿದ್ದಳು. ಅರ್ಧಕ್ಕೇ ನಿಂತಿತ್ತು. ಕೊಡಬೇಕೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ,” ಎಂದಳು.



“ಇವತ್ತು ಅದರ ಹೆಣಿಗೆ ಬಿಚ್ಚಿಹಾಕಿದೆ,” ಎಂದು ಹೇಳಿ ಫೋನ್ ಇಟ್ಟಳು.