ಸರಖ್ಸಿ ಎಂಬ ಸವತಿ

ಸತ್ತು ಒಂಬೈನೂರು ವರ್ಷವಾದ ಗಂಡಸಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಪರದೇಶದ ಡರ್ಹಮ್ ಊರಿನಲ್ಲಿದ್ದ ಅನಸೂಯ ಪಟ್ಟಳು, ಬೇಕಾದಷ್ಟು ಪಟ್ಟಳು. ಹೆಸರಿಗೆ ಮಾತ್ರ ಅನಸೂಯ.

ಆಸ್ಪತ್ರೆಯಲ್ಲಿ ಅವಳದು ಟೈಪಿಂಗ್ ಕೆಲಸ. ಡಾಕ್ಟರುಗಳು ಕ್ಯಾಸೆಟ್ಟಿಗೆ ಹೇಳಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಕಾಲಡಿಯ ಪೆಡಲ್ ಒತ್ತಿ ಟೇಪು ನಿಲ್ಲಿಸುತ್ತ, ಓಡಿಸುತ್ತ ಟೈಪ್ ಮಾಡುವುದು. ಮನೆಗೆ ಬಂದರೂ ಅದೇ, ಗಂಡ ಪ್ರಭಾಕರನ ಕ್ಯಾಸೆಟ್ಟು. ಕಾಲೇಜಿನಲ್ಲಿ ಇಸ್ಲಾಮಿ ಕಾನೂನಿನ ಚರಿತ್ರೆ ಕಲಿಸುವ ಪ್ರಭಾಕರ ಕಾರು ಓಡಿಸುತ್ತಲೇ ತನ್ನ ಪುಸ್ತಕವನ್ನು ಟೇಪಿಗೆ ಹೇಳುತ್ತಿದ್ದ. ಪುಸ್ತಕದ ತುಂಬ ಮಧ್ಯ ಏಷ್ಯಾದ ಸರಖ್ಸಿ ಎಂಬ ಪಂಡಿತ. ಅರಸನಿಗೆ ಹಿಡಿಸದ ಮಾತಾಡಿ ಬಾವಿಯಂಥ ಗುಂಡಿಯಲ್ಲಿ ವರ್ಷಗಟ್ಟಲೆ ಸೆರೆಯಿದ್ದವನು. ಕೈಯಲ್ಲೊಂದು ಪುಸ್ತಕವಿಲ್ಲದೆ ನೆನಪಿನಿಂದಲೇ ಅವನು ಕಾನೂನು ಹೇಳಿದನಂತೆ, ಶಿಷ್ಯರು ಮೇಲೆ ದಂಡೆಯಲ್ಲಿ ಕೂತು ಬರೆದುಕೊಂಡರಂತೆ. ಆ ಬರಹ ಇಸ್ಲಾಮಿ ಕಾನೂನಿನ ಹನಫಿ ಪಂಥದ ಪಂಡಿತರಿಗೆ ಇಂದಿಗೂ ಆಧಾರ.

ಗುಂಡಿಯ ಚಳಿಯನ್ನು ಹೇಳುವಾಗ ಪ್ರಭಾಕರನ ಗಂಟಲು ಕಟ್ಟುತ್ತಿತ್ತು. ತೊಂಬತ್ತೆರಡರ ಚಳಿಗಾಲದಲ್ಲಿ ಹೆಂಡತಿ ನ್ಯುಮೋನಿಯ ಹಿಡಿದು ಮಲಗಿದ್ದಾಗ ಈ ಗಂಟಲು ಎಲ್ಲಿ ಹೋಗಿತ್ತು? ಅನಸೂಯ ಪೆಡಲ್ ಒತ್ತಿ ಆ ಸಾಲನ್ನು ಮೂರು ಸಲ ಕೇಳಿದಳು, ಮೂರು ಸಲವೂ ಉರಿದುಕೊಂಡಳು.

ತೊಂಬತ್ತೈದರ ಏಪ್ರಿಲಿನಲ್ಲಿ ಪುಸ್ತಕ ಮುಗಿಯಿತು. ಕೊನೆಯ ಕ್ಯಾಸೆಟ್ಟಿನಲ್ಲಿ ಕೃತಜ್ಞತೆಗಳಿದ್ದವು. ಲೈಬ್ರರಿಗಳು ಬಂದವು, ಸಹೋದ್ಯೋಗಿಗಳು ಬಂದರು, ಫೋಟೋಕಾಪಿ ಅಂಗಡಿಯವನೂ ಬಂದ. ತನ್ನ ಹೆಸರಿಗಾಗಿ ಅವಳು ಕಾಯುತ್ತಿದ್ದ ಹಾಗೆಯೇ ಟೇಪು ಮುಗಿಯಿತು.

ಹಳೆಯ ಹಸ್ತಪ್ರತಿಗಳ ಕೊನೆಯಲ್ಲಿ ನಕಲು ಮಾಡಿದವರು ತಮ್ಮ ಹೆಸರು ಬರೆಯುತ್ತಿದ್ದರೆಂದು ಅವನ ಟೇಪೇ ಅವಳಿಗೆ ಕಲಿಸಿತ್ತು. ತಾನು ಟೈಪ್ ಮಾಡಿದ ಕೊನೆಯ ಹಾಳೆಯಲ್ಲಿ ಪೆನ್ನಿನಿಂದ ಕನ್ನಡದಲ್ಲೇ ಬರೆದಳು: ‘ಪ್ರಭಾಕರನ ಬಾಯಿಂದ ಕೇಳಿ ಬರೆದವಳು ಅನಸೂಯ.’

ಅದನ್ನು ಓದಿ ಪ್ರಭಾಕರನ ಮುಖ ಚಿಕ್ಕದಾಯಿತು. ಆದರೂ ಮೇಷ್ಟರ ಬುದ್ಧಿ ಎಲ್ಲಿ ಹೋಗಬೇಕು?

“ಗುರು ಮುಂದೆ ಓದಿ ಒಪ್ಪಿಸದೆ ಇರೋ ಕಾಪಿ ಲೆಕ್ಕಕ್ಕಿಲ್ಲ ಕಣೇ, ಆಗಿನ ರೂಲ್ ಅದು. ಓದು, ಕೇಳ್ತೀನಿ.”

ಒಂಬತ್ತು ಭಾನುವಾರ ಓದಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಬಾಯಿ ಮುಚ್ಚಿಕೊಂಡು ಅವಳ ದನಿ ಕೇಳಿದ್ದು ಅದೇ ಮೊದಲು. ಆದರೆ ಕಣ್ಣು ಮುಚ್ಚಿ ಅವನು ತಲೆದೂಗುತ್ತಿದ್ದುದು ಸರಖ್ಸಿಗೆ, ಓದುವವಳಿಗಲ್ಲ. ಸೆರೆಯ ಅಧ್ಯಾಯಕ್ಕೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಹಾಳೆಯಲ್ಲಿಲ್ಲದ ಸಾಲೊಂದನ್ನು ಅದೇ ದನಿಯಲ್ಲಿ ಓದಿಬಿಟ್ಟಳು: ಅಷ್ಟು ವರ್ಷ ಆ ಗುಂಡಿಗೆ ಊಟ ಇಳಿಸಿದ ಕೈ ಯಾರದೆಂದು ಈ ಪುಸ್ತಕ ಬರೆದವನಿಗೆ ಗೊತ್ತಿಲ್ಲ.

ಅವನು ಕಣ್ಣು ತೆರೆದ. “ಇದನ್ನ ನಾನು ಹೇಳಿರ್ಲಿಲ್ಲ.”

“ಇಲ್ಲ. ನೀವು ಹೇಳ್ಳೇ ಇಲ್ಲ.”

ಪ್ರಭಾಕರ ಕೈಯಲ್ಲಿದ್ದ ಕಾಫಿ ಲೋಟವನ್ನು ನೋಡಿದ. ಓದು ಶುರುಮಾಡುವ ಮುಂಚೆ ಅವಳೇ ತಂದುಕೊಟ್ಟದ್ದು. ಅದನ್ನು ಕೆಳಗಿಟ್ಟು ಹಾಳೆಯನ್ನು ತನ್ನತ್ತ ಎಳೆದುಕೊಂಡ, ಪೆನ್ನು ತೆಗೆದ.

“ಇನ್ನೊಂದ್ಸಲ ಹೇಳು, ನಿಧಾನಕ್ಕೆ. ಬರ್ಕೋತೀನಿ.”

ಅನಸೂಯ ಹೇಳಿದಳು. ಬೇಕೆಂದೇ ಒಂದು ಪದ ತಪ್ಪಾಯಿತೆಂದು ನಿಲ್ಲಿಸಿ, ಮತ್ತೆ ಮೊದಲಿಂದ ಬರೆಸಿದಳು.