ಬರ್ತೀನಿ ಎಂದು ಹೋದ ವಿಂಡೋ

ತೊಂಬತ್ತೊಂಬತ್ತನೇ ಇಸವಿ. ಇಂದಿರಾನಗರದ ಹಳೆಯ ಬಂಗಲೆಯ ಸಾಫ್ಟ್‌ವೇರ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಗುಲ್ಬರ್ಗ ಕಡೆಯ ಪೀರಮ್ಮನಿಗೆ ಟೈಪಿಂಗ್ ಸಾಕುಸಾಕಾಗಿತ್ತು. ಹಲಸೂರಿನ ಸಂಜೆ ಕ್ಲಾಸಿಗೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಮಾಲೀಕ ಅಂಬಣ್ಣನವರು ಒಂದು ಅವಕಾಶ ಕೊಟ್ಟರು. ಶಿವಾಜಿನಗರದ ಕ್ಲಿನಿಕ್ಕಿಗೆ ಟೋಕನ್ ಕೊಡುವ ಪುಟ್ಟ ಪ್ರೋಗ್ರಾಂ ಮಾಡಿ ತೋರಿಸಬೇಕು. ಅದು ಸರಿಯಾಗಿ ಆದರೆ ಆಯಿತು, ಇಲ್ಲದಿದ್ದರೆ ಮತ್ತೆ ಟೈಪಿಂಗ್ ಮೇಜು.

ವಿಂಡೋ, ಬಟನ್ನು ಎಲ್ಲ ಮೊದಲೇ ತಯಾರಿರುವ ಫ್ರೇಮ್‌ವರ್ಕ್ ಬಳಸಿ ಎಂದಿದ್ದರು. ಪೀರಮ್ಮ ಮೌಸ್ ಒತ್ತಿದ್ದೇ ತಡ, ಅದು ರಾಶಿ ಫೈಲು ಹೆತ್ತು ಹಾಕಿತು. ಅವಳು ಒಂದಕ್ಷರ ಬರೆಯುವ ಮೊದಲೇ ಖಾಲಿ ವಿಂಡೋ ತೆರೆದುಕೊಂಡಿತು. ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಪ್ರತಿ ಪ್ರೋಗ್ರಾಮೂ ‘ಮೇನ್’ ಎಂಬಲ್ಲಿಂದ ಶುರುವಾಗುತ್ತದೆ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಅದೇ ಇಲ್ಲಿ ನಾಪತ್ತೆ! ತಾನೇ ಒಂದು ಮೇನ್ ಬರೆದು ಸೇರಿಸಿದರೆ ಫ್ರೇಮ್‌ವರ್ಕ್ ಕ್ಯಾರೇ ಅನ್ನಲಿಲ್ಲ. ಸೋತು ಪ್ರೋಗ್ರಾಮರ್ ಶಮೀಮ್ ಬಳಿ ಹೋದಳು.

“ಶಮೀಮ್, ಇದ್ರಾಗ ಮೇನ್ ಎಲ್ಲದ? ತಲಿ ಕೆಟ್ಟು ಹೋಗ್ಯದ!”

ಶಮೀಮ್ ನಕ್ಕಳು. “ಬೈಯಪ್ಪನಹಳ್ಳೀಲಿ ನಿಮ್ಮ ವಠಾರಕ್ಕೆ ನೀರು ಯಾರು ಬಿಡ್ತಾರೆ?”

“ಓನರಮ್ಮ. ‘ನೀರ್ ಬಂತು’ ಅಂತ ಕೂಗ್ತಾಳ, ನಾವು ಕೊಡ ಹಿಡ್ಕೊಂಡು ಓಡ್ತೀವಿ.”

“ಇದೂ ಬಾಡಿಗೆ ಮನೇನೇ ಕಣೇ. ಫ್ರೇಮ್‌ವರ್ಕೇ ಓನರ್, ಮೇನ್ ಅದರ ಹತ್ರ ಇದೆ. ಅದು ಕೂಗಿದಾಗ ಓಡೋಕೆ ನೀನು ಕೊಡ ರೆಡಿ ಇಟ್ಕೋ, ಅಷ್ಟೇ.”

ಅರ್ಧ ತಿಳಿಯಿತು, ಅರ್ಧ ತಲೆಯ ಮೇಲಿಂದ ಹೋಯಿತು. ಆದರೂ ಬಟನ್ ಒತ್ತಿದಾಗ ಏನಾಗಬೇಕೆಂದು ಬರೆಯುವ ಜಾಗ ಹುಡುಕಿ ಬರೆದಳು. ಒತ್ತಿದರೆ ಟೋಕನ್ ನಂಬರು ಬಂದೇಬಿಟ್ಟಿತು! ಮುಚ್ಚುವ ಬಟನ್ನಿನ ಮೇಲೆ ‘ಹೋಗು’ ಎಂದು ಹಾಕಲು ಮಾತ್ರ ಮನಸ್ಸು ಬರಲಿಲ್ಲ. ಕಾಯಿಲೆಯವರು ಬರುವ ಜಾಗದಲ್ಲಿ ಹೋಗು ಅನ್ನುವುದುಂಟೇ? ‘ಬರ್ತೀನಿ’ ಎಂದು ಹಾಕಿದಳು.

ತೋರಿಸುವ ದಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಚಾಂದ್ ಬೀ ಬಂದರು. ‘ಬರ್ತೀನಿ’ ಒತ್ತಿದರು. ವಿಂಡೋ ಮಾಯ. ಪಾಪ, ಆಕೆ ಕೈಕಟ್ಟಿ ಕಾಯುತ್ತಾ ಕೂತರು.

“ಬರ್ತೀನಿ ಅಂತು, ಇನ್ನೂ ಬರ್ಲೇ ಇಲ್ವಲ್ಲಮ್ಮ?”

ಅಂಬಣ್ಣನವರು ಹುಬ್ಬು ಗಂಟಿಕ್ಕಿದರು. ಪೀರಮ್ಮ ಕೀಬೋರ್ಡ್ ಎಳೆದುಕೊಂಡಳು. ಆಗ ಓನರಮ್ಮನ ಕೂಗು ನೆನಪಾಯಿತು. ವಿಂಡೋ ಮುಚ್ಚುವ ಮುಂಚೆಯೂ ಫ್ರೇಮ್‌ವರ್ಕ್ ಕೂಗಲೇಬೇಕಲ್ಲ! ತಡಕಾಡಿ ಆ ಜಾಗ ಹಿಡಿದು ಒಂದು ಪ್ರಶ್ನೆ ಬರೆದಳು. ಚಾಂದ್ ಬೀ ಮತ್ತೆ ಒತ್ತಿದರೆ, ‘ಕೆಲಸ ಮುಗೀತಾ? ಹೋಗಿ ಬರ್ತೀರಾ?’ ಎಂದು ಕೇಳಿತು. “ಹ್ಞೂಂ, ಹೋಗಿ ಬರ್ತೀನಿ” ಎಂದು ಕಂಪ್ಯೂಟರಿಗೇ ಹೇಳಿ ಎದ್ದರು.

“ಪೀರಮ್ಮ, ಇದು ಶುರುವಾಗೋದು ಎಲ್ಲಿಂದ?” ಅಂಬಣ್ಣನವರು ಕೇಳಿದರು.

“ಖರೆ ಹೇಳ್ಬೇಕಂದ್ರ ನನಗೂ ಗೊತ್ತಿಲ್ರಿ ಸರ್. ಅದು ಕರೆದಾಗ ಹೋಗೀನಿ, ಅಷ್ಟೇ.”

“ನಾಳೆಯಿಂದ ನಿಮ್ಮ ಟೈಪಿಂಗ್ ಮೇಜಿಗೆ ಬೇರೆಯವರು ಬರ್ತಾರೆ.”

ಇದ್ದ ಕೆಲಸವೂ ಹೋಯಿತೆಂದುಕೊಂಡ ಪೀರಮ್ಮನ ಕಣ್ಣು ತುಂಬಿತು. ಚೀಲ ಎತ್ತಿಕೊಂಡಳು. “ಹೋಗ್ತೀನ್ರಿ ಸರ್.”

“ಬರ್ತೀನಿ ಅನ್ರೀ,” ಅಂಬಣ್ಣನವರು ಗದರಿದರು. “ನಾಳೆ ಶಮೀಮ್ ಪಕ್ಕದ ಮೇಜಿಗೆ ಯಾರು ಬರ್ಬೇಕು?”